ಅದೇ ಮಾರ್ಫಿನ್, ಅದೇ ಡೋಸ್: ಅಪ್ಪನಿಗೆ ಈಗ ಯಾಕೆ ಇಷ್ಟು ಮಂಪರು?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ ಕ್ಯಾನ್ಸರ್ ನೋವಿಗೆ ಎರಡು ತಿಂಗಳಿಂದ ಮಾರ್ಫಿನ್ ಮಾತ್ರೆ ಕೊಡ್ತಿದ್ದೀವಿ. ಡೋಸ್ ಬದಲಾಗಿಲ್ಲ. ಈ ವಾರ ಮಾತ್ರ ದಿನವಿಡೀ ಮಂಪರು, ಕೈಕಾಲು ಆಗಾಗ ಝಾಡಿಸಿದ ಹಾಗೆ ಅದುರುತ್ತೆ. ನಿನ್ನೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದೆ ಅಂತ ಬಂದಿದೆ. ನೋವಿನ ಮಾತ್ರೆಗೂ ಕಿಡ್ನಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ (ನೋವು ಮತ್ತು ಉಪಶಾಮಕ ಚಿಕಿತ್ಸೆಯ ವೈದ್ಯೆ): ಸಂಬಂಧ ಇದೆ. ವಿವರ ಆಮೇಲೆ ಓದಿ, ಮೊದಲು ಅಪ್ಪನ ಡಾಕ್ಟರಿಗೆ ಫೋನ್ ಮಾಡಿ. ಮಂಪರು, ಅದುರು, ಕ್ರಿಯಾಟಿನಿನ್ ಮೂರನ್ನೂ ಹೇಳಿ, ಮುಂದಿನ ಮಾತ್ರೆ ಕೊಡಬೇಕೋ ಬೇಡವೋ ಅವರನ್ನೇ ಕೇಳಿ. ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಉಸಿರು ನಿಧಾನವಾಗಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಕಾರಣ ಹೇಳ್ತೀನಿ. ನುಂಗಿದ ಮಾರ್ಫಿನ್ ಕರುಳಿನಿಂದ ನೇರ ಲಿವರ್‌ಗೆ ಹೋಗುತ್ತೆ. ಅದರಲ್ಲಿ ಬಹುಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಬದಲಾಯಿಸಿಬಿಡುತ್ತೆ. ಸುಮಾರು ಮೂರನೇ ಒಂದು ಭಾಗ ಮಾತ್ರ ಮಾರ್ಫಿನ್ ಆಗಿಯೇ ರಕ್ತಕ್ಕೆ ಸೇರುತ್ತೆ. ಇಂಜೆಕ್ಷನ್‌ಗಿಂತ ಮಾತ್ರೆಯ ಡೋಸ್ ಮೂರು ಪಟ್ಟು ಇರೋದು ಇದಕ್ಕೇ.

ಬದಲಾಯಿಸೋದು ಅಂದ್ರೆ, ಮಾರ್ಫಿನ್‌ಗೆ ಗ್ಲುಕುರೋನಿಕ್ ಆಮ್ಲವನ್ನು ಅಂಟಿಸೋದು. ಆಗ ಅದು ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದಲ್ಲಿ ಹೊರಹೋಗಬಲ್ಲದು. ಹೀಗೆ ಹುಟ್ಟುವ ಎರಡು ವಸ್ತುಗಳು ಎಂ3ಜಿ ಮತ್ತು ಎಂ6ಜಿ. ಹೆಚ್ಚಿನ ಪಾಲು ಎಂ3ಜಿ. ಅದು ನೋವು ತಗ್ಗಿಸೋದಿಲ್ಲ, ನರಗಳನ್ನು ಕೆರಳಿಸುತ್ತೆ. ಈ ಅದುರಿಗೂ ಅದಕ್ಕೂ ನಂಟಿದೆ ಅಂತ ನಂಬಲಾಗಿದೆ. ಎಂ6ಜಿ ಆಗೋದು ಹತ್ತರಲ್ಲಿ ಒಂದು ಪಾಲು ಅಷ್ಟೇ, ಆದರೆ ಅದು ಸ್ವತಃ ಒಳ್ಳೇ ನೋವು ನಿವಾರಕ. ನಿದ್ದೆ ತರಿಸುತ್ತೆ, ಉಸಿರನ್ನೂ ತಗ್ಗಿಸುತ್ತೆ. ಇವೆರಡನ್ನೂ ಹೊರಹಾಕಬೇಕಾದದ್ದು ಕಿಡ್ನಿ. ಅದು ಸೋತಾಗ (ಕ್ರಿಯಾಟಿನಿನ್ ಏರೋದು ಅದರ ಸೂಚನೆ) ಇವು ದಿನದಿಂದ ದಿನಕ್ಕೆ ರಕ್ತದಲ್ಲಿ ಸೇರಿಕೊಳ್ತಾ ಹೋಗುತ್ತವೆ. ನೀವು ಕೊಟ್ಟ ಮಾತ್ರೆ ಅಷ್ಟೇ ಇದೆ, ಒಳಗೆ ಉಳಿದಿರೋದು ಹೆಚ್ಚಾಗಿದೆ. ನೀವು ತಪ್ಪೇನೂ ಮಾಡಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇಂಥ ಸಂದರ್ಭದಲ್ಲಿ ಡಾಕ್ಟರು ಸಾಮಾನ್ಯವಾಗಿ ಡೋಸ್ ತಗ್ಗಿಸ್ತಾರೆ, ಇಲ್ಲವೇ ಕಿಡ್ನಿಯನ್ನು ಅಷ್ಟಾಗಿ ನೆಚ್ಚಿಕೊಳ್ಳದ ಫೆಂಟನಿಲ್ ಥರದ ಔಷಧಕ್ಕೆ ಬದಲಾಯಿಸ್ತಾರೆ.

ಇನ್ನೊಬ್ಬ ಸದಸ್ಯರು: ನೋವಿನ ಔಷಧ ಉಸಿರಿಗೆ ಯಾಕೆ ತೊಂದರೆ ಕೊಡುತ್ತೆ ಮೇಡಂ? ಮತ್ತೆ, ನನಗೆ ಕೋಡೀನ್ ಕೊಟ್ಟಾಗ ನೋವು ಒಂಚೂರೂ ಇಳಿಯಲಿಲ್ಲ. ಹೇಳಿದರೆ ಯಾರೂ ನಂಬಲಿಲ್ಲ.

ಉತ್ತರ: ನಾನು ನಂಬ್ತೀನಿ. ಕೋಡೀನ್ ತಾನಾಗಿ ಹೆಚ್ಚೇನೂ ಮಾಡೋದಿಲ್ಲ. ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ ಅದರ ಸ್ವಲ್ಪ ಭಾಗವನ್ನು ಮಾರ್ಫಿನ್ ಮಾಡಿದರೆ ಮಾತ್ರ ನೋವು ಇಳಿಯುತ್ತೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡೋದಿಲ್ಲ. ಫ್ಲೂಆಕ್ಸೆಟಿನ್, ಪ್ಯಾರಾಕ್ಸೆಟಿನ್ ಥರದ ಖಿನ್ನತೆಯ ಮಾತ್ರೆಗಳೂ ಅದನ್ನು ತಡೆಯುತ್ತವೆ. ಇನ್ನು ಕೆಲವರಲ್ಲಿ ಅದು ವಿಪರೀತ ಚುರುಕು, ಮಾಮೂಲಿ ಡೋಸ್‌ನಿಂದಲೇ ಅಪಾಯದಷ್ಟು ಮಾರ್ಫಿನ್ ಆಗಿಬಿಡುತ್ತೆ. ಮಕ್ಕಳ ಸಾವುಗಳೂ ಆಗಿವೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 12 ವರ್ಷದೊಳಗಿನವರಿಗೆ ಕೋಡೀನ್ ಕೊಡಲೇಬಾರದು ಅಂದಿದ್ದು ಇದರಿಂದಲೇ. ಟ್ರಮಡಾಲ್ ಎಂಬ ನೋವಿನ ಔಷಧಕ್ಕೂ ಬಹುಮಟ್ಟಿಗೆ ಇದೇ ಕಿಣ್ವ ಬೇಕು. ಮುಂದಿನ ಸಲ ಡಾಕ್ಟರಿಗೆ ನಿಮ್ಮ ಅನುಭವ ಹೇಳಿ, ಬೇರೆ ಮಾತ್ರೆ ಏನೇನು ತಗೊಳ್ತೀರಿ ಅನ್ನೋದನ್ನೂ ಹೇಳಿ.

ಉಸಿರಿನ ವಿಷಯ. ನರಕೋಶಗಳ ಮೇಲೆ ಮ್ಯೂ ಎಂಬ ಗ್ರಾಹಕಗಳಿವೆ. ನಮ್ಮ ದೇಹವೇ ಮಾಡಿಕೊಳ್ಳುವ ಎಂಡಾರ್ಫಿನ್‌ನಂಥ ವಸ್ತುಗಳು ಬಂದು ಕೂರುವ ಜಾಗ ಅದು. ಮಾರ್ಫಿನ್ ಅಲ್ಲೇ ಹೋಗಿ ಕೂತು, ನರ ಸಂದೇಶ ದಾಟಿಸದ ಹಾಗೆ ಮಾಡುತ್ತೆ. ಗಾಯ ಇದ್ದಲ್ಲೇ ಇರುತ್ತೆ, ಅದರ ಸುದ್ದಿ ಮೇಲಕ್ಕೆ ಹೋಗೋದು ಕಮ್ಮಿಯಾಗುತ್ತೆ. ಆದರೆ ಇದೇ ಗ್ರಾಹಕ ಮೆದುಳಿನ ಕಾಂಡದಲ್ಲಿ ಉಸಿರಾಟ ನಡೆಸುವ ಕಡೆಯೂ ಇದೆ, ಕರುಳಿನಲ್ಲೂ ಇದೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೂ ಉಸಿರಾಡುವ ತುಡಿತ ಬಾರದೇ ಹೋಗಬಹುದು. ಮಂಪರಿಗೆ ದೇಹ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತೆ. ಮಲಬದ್ಧತೆಗೆ ಮಾತ್ರ ಒಗ್ಗೋದಿಲ್ಲ, ಹಾಗಾಗಿ ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗಿಸುವ ಔಷಧ ಜೊತೆಗಿರಬೇಕು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಅವತ್ತೇ ಅಡ್ಮಿಟ್ ಮಾಡಿಕೊಂಡರು. ಅಪ್ಪ ಈಗ ಗುರುತು ಹಿಡಿದು ಮಾತಾಡ್ತಾರೆ, ಅದುರೂ ನಿಂತಿದೆ. ನಿನ್ನೆಯಿಂದ ಫೆಂಟನಿಲ್ ಪ್ಯಾಚ್ ಹಚ್ಚಿದ್ದಾರೆ. ಬೆನ್ನಿಗೆ ಬಿಸಿನೀರಿನ ಬ್ಯಾಗ್ ಕೇಳ್ತಿದ್ದಾರೆ, ಕೊಡಬಹುದಾ?

ಉತ್ತರ: ಓದಿ ತುಂಬಾ ಸಮಾಧಾನ ಆಯ್ತು. ಪ್ಯಾಚ್ ಇರುವ ಜಾಗಕ್ಕೆ, ಅದರ ಸುತ್ತಮುತ್ತ ಬಿಸಿ ಖಂಡಿತ ಬೇಡ. ಫೆಂಟನಿಲ್ ಕೊಬ್ಬಿನಲ್ಲಿ ಕರಗುವ ಔಷಧ, ಚರ್ಮದಲ್ಲಿ ಶೇಖರವಾಗಿ ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತೆ. ಬಿಸಿ ತಾಗಿದರೆ ಒಮ್ಮೆಲೇ ಹೆಚ್ಚು ಇಳಿಯುತ್ತೆ. ಜ್ವರ ಬಂದರೂ ಡಾಕ್ಟರಿಗೆ ತಿಳಿಸಿ. ಪ್ಯಾಚ್ ಕಿತ್ತ ಮೇಲೂ ಚರ್ಮದಲ್ಲಿರೋದು ಹಲವು ಗಂಟೆ ಇಳಿಯುತ್ತಲೇ ಇರುತ್ತೆ, ಮಂಪರು ಮತ್ತೆ ಕಂಡರೆ ಅದನ್ನು ತೆಗೆದು ಸುಮ್ಮನಾಗಬೇಡಿ, ಕೂಡಲೇ ಫೋನ್ ಮಾಡಿ.