ಬೇಸಿಗೆ ರಜೆಯಲ್ಲಿ ಹೆಂಡತಿಯ ಮಗನ ಜೊತೆ ಹಗಲು ಕಳೆಯುವುದು ಹೇಗೆ?

ಅಚ್ಚುಮೊಳೆ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನದು ವಿಜಯಪುರದಲ್ಲಿ ಒಂದು ಬೈಂಡಿಂಗ್ ಅಂಗಡಿ. ಕಳೆದ ಮಾಘದಲ್ಲಿ ಮದುವೆಯಾಯಿತು. ನನಗಿದು ಮೊದಲನೆಯದು, ಹೆಂಡತಿಗೆ ಎರಡನೆಯದು. ಅವಳ ಮೊದಲ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮಗನಿಗೆ ಹನ್ನೊಂದು ವರ್ಷ, ಐದನೆಯ ತರಗತಿ ಮುಗಿಸಿದ್ದಾನೆ. ನನ್ನನ್ನು ಕಾಕಾ ಎಂದು ಕರೆಯುತ್ತಾನೆ. ಕರೆಯುತ್ತಾನಲ್ಲ, ನನಗೆ ಅಷ್ಟು ಸಾಕು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಪಾಳಿಯಿದ್ದರೆ ಏಳು ಗಂಟೆಗೇ ಮನೆ ಬಿಡುತ್ತಾಳೆ. ಶಾಲೆ ನಡೆಯುತ್ತಿದ್ದಾಗ ತೊಂದರೆ ಇರಲಿಲ್ಲ. ಈಗ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಜೂನ್ ಬಂದರೆ ನನಗೆ ನೋಟ್‌ಬುಕ್ಕಿನ ಕೆಲಸ ತಲೆ ಎತ್ತಲು ಬಿಡುವುದಿಲ್ಲ, ಆದರೆ ಈ ದಿನಗಳಲ್ಲಿ ಅಂಗಡಿ ತಣ್ಣಗಿರುತ್ತದೆ. ಹಗಲೆಲ್ಲ ಅವನ ಜೊತೆ ಇರಬಲ್ಲೆ, ಇರಬೇಕೆಂಬ ಆಸೆಯೂ ಇದೆ. ಏನು ಮಾಡಿಸಬೇಕೆಂದು ಮಾತ್ರ ತಿಳಿಯುತ್ತಿಲ್ಲ.

"ಏನು ಮಾಡೋಣ ಹೇಳು" ಎಂದರೆ "ಏನೂ ಬೇಡ ಕಾಕಾ" ಎನ್ನುತ್ತಾನೆ. ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಶಾಲೆಯವರು ತೋರಿಸಿದ್ದಾರೆ ಎಂದು ನೆರಳು ಹುಡುಕಿ ಕುಳಿತುಬಿಟ್ಟ. ಬೇಸಿಗೆ ಶಿಬಿರಕ್ಕೆ ಹೆಸರು ಹಚ್ಚಿದೆ, ಹೊಟ್ಟೆನೋವು ಎಂದು ಬಿಟ್ಟ. ಹನ್ನೊಂದು ಗಂಟೆಯ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ, ನಮ್ಮ ಬಿಸಿಲು ಎಲ್ಲರಿಗೂ ಗೊತ್ತೇ ಇದೆ. ಉಳಿಯುವುದು ಮೊಬೈಲ್ ಒಂದೇ.

ಇನ್ನೊಂದು ವಿಷಯ. ಹಿತ್ತಲಿನಲ್ಲಿ ಅವನ ತಂದೆಯ ಸೈಕಲ್ ಇದೆ. ಹಳೆಯ ಕಾಲದ ದೊಡ್ಡ ಸೈಕಲ್, ರಾಡ್ ಬ್ರೇಕಿನದು. ಟೈರ್ ಕುಳಿತಿವೆ, ಚೈನಿಗೆ ತುಕ್ಕು ಹಿಡಿದಿದೆ. ಮೇಲೆ ತಾಡಪತ್ರಿ ಹೊದಿಸಿದ್ದಾರೆ. ಇವನು ಸಂಜೆ ಹೋಗಿ ತಾಡಪತ್ರಿಯ ತುದಿ ಎತ್ತುತ್ತಾನೆ, ಗಂಟೆಯನ್ನು ಒಂದು ಸಲ ಬಾರಿಸುತ್ತಾನೆ, ಮತ್ತೆ ಮುಚ್ಚಿ ಬರುತ್ತಾನೆ. ಅವನಿಗೆ ಗೊತ್ತಾಗದ ಹಾಗೆ ಅದನ್ನು ಅಂಗಡಿಗೆ ಒಯ್ದು ದುರಸ್ತಿ ಮಾಡಿಸಿ ತಂದು ನಿಲ್ಲಿಸಿದರೆ ಸಂತೋಷಪಡಬಹುದೇ? ಅಥವಾ ಅದು ನಾನು ಮುಟ್ಟಬಾರದ ವಸ್ತುವೇ? ಇಂಥ ಮನೆಯಲ್ಲಿ ಬದುಕಿ ಬಲ್ಲವರು ಹೇಳಿ.

ನವನಗರದ ಅಕ್ಕ, ಬಾಗಲಕೋಟೆ

ಅಣ್ಣ, ನಾನು ಈ ಮನೆಗೆ ಬಂದಾಗ ನನ್ನ ಯಜಮಾನರ ಮಗಳಿಗೆ ಒಂಬತ್ತು ವರ್ಷ. ಈಗ ಅವಳು ಪದವಿ ಓದುತ್ತಿದ್ದಾಳೆ. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, "ಏನು ಮಾಡೋಣ" ಎಂದು ಕೇಳುವುದನ್ನು ನಿಲ್ಲಿಸಿ. ಮನಸ್ಸಿನಲ್ಲಿ ಇರುವುದನ್ನು ನಿಮ್ಮೆದುರು ಇಡುವಷ್ಟು ಸಲಿಗೆ ಆ ಮಗುವಿಗೆ ಇನ್ನೂ ಬಂದಿಲ್ಲ. ಇಂಥದ್ದು ಬೇಕು ಎಂದು ಬಾಯಿಬಿಟ್ಟರೆ ನಿಮ್ಮ ಋಣಕ್ಕೆ ಬಿದ್ದ ಹಾಗೆ ಅನ್ನಿಸುತ್ತಿರಬಹುದು. ಕೇಳುವ ಬದಲು ನೀವೇ ಒಂದು ಕೆಲಸ ಶುರು ಮಾಡಿ, ಪಕ್ಕದಲ್ಲಿ ಅವನಿಗೂ ಜಾಗವಿರಲಿ. ಬಂದರೆ ಬರಲಿ.

ನಮ್ಮ ಮನೆಯಲ್ಲಿ ಮಧ್ಯಾಹ್ನವನ್ನು ಕಾಪಾಡಿದ್ದು ಚೌಕಾಬಾರ. ಅಂಗಡಿಯಿಂದ ತಂದ ಹಲಗೆಯಲ್ಲ. ಹುಣಸೆಬೀಜ ಆರಿಸಿ, ಹೊಸ್ತಿಲ ಕಲ್ಲಿಗೆ ಒಂದು ಮಗ್ಗುಲನ್ನು ಉಜ್ಜಿ ಬೆಳ್ಳಗೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆ ಬರೆದು ಆಡಿದೆವು. ನಾಲ್ಕೂ ಬೀಜ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಬೀಜ ಉಜ್ಜುವುದಕ್ಕೇ ಅರ್ಧ ಮಧ್ಯಾಹ್ನ ಬೇಕು. ಆ ಹೊತ್ತಿನಲ್ಲಿಯೇ ಅವಳು ಶಾಲೆಯ ಸುದ್ದಿ ಹೇಳಲು ಆರಂಭಿಸಿದ್ದು. ಆಟದಲ್ಲಿ ಬೇಕೆಂದೇ ಸೋಲಬೇಡಿ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಅವನ ಕಾಯಿ ಹೊಡೆಯುವ ಹಾಗಿದ್ದರೆ ಹೊಡೆಯಿರಿ.

ಎರಡನೆಯದು, ಊರ ದೊಡ್ಡ ಜಾಗಗಳಿಗಿಂತ ಕೆಲಸ ನಡೆಯುವ ಜಾಗ ತೋರಿಸಿ. ನಾನು ಇಳಕಲ್‌ನಲ್ಲಿ ನಮ್ಮ ಸಂಬಂಧಿಕರ ಮಗ್ಗದ ಮನೆಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಸೀರೆಯ ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕುವುದನ್ನು ನೋಡುತ್ತ ಊಟಕ್ಕೂ ಏಳಲಿಲ್ಲ. ನಿಮ್ಮ ಬೈಂಡಿಂಗ್ ಅಂಗಡಿಯೇ ಇದೆಯಲ್ಲ! ಕಾಗದ ಮಡಿಚುವುದು, ದಬ್ಬಣ ಚುಚ್ಚಿ ದಾರ ಹೊಲಿಯುವುದು, ಸರಿ (ಅಂಟು) ಹಚ್ಚುವುದು ಹನ್ನೊಂದರ ಹುಡುಗನಿಗೆ ಬರುತ್ತದೆ. ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಬಿಡಬೇಡಿ.

ಸೈಕಲ್ ವಿಷಯದಲ್ಲಿ ನನ್ನ ಮಾತು ಒಂದೇ. ಅವನ ತಾಯಿಯನ್ನು ಕೇಳದೆ ತಾಡಪತ್ರಿ ತೆಗೆಯಬೇಡಿ.

ನಿವೃತ್ತ ಪಿ.ಟಿ. ಮಾಸ್ತರ, ವಿಜಯಪುರ

ತಮ್ಮಾ, ನಾನೂ ಮಲಮಗನೇ. ನನ್ನನ್ನು ಬೆಳೆಸಿದವರು ನನ್ನ ತಾಯಿಯ ಎರಡನೆಯ ಗಂಡ. ಬಡಿಗತನ ಮಾಡುತ್ತಿದ್ದರು. ನನ್ನನ್ನು ರಂಜಿಸಬೇಕು ಎಂದು ಆ ಮನುಷ್ಯ ಒಂದು ದಿನವೂ ಹೊರಡಲಿಲ್ಲ. "ಹಲಗೆಯ ಆ ತುದಿ ಹಿಡಿ" ಎನ್ನುತ್ತಿದ್ದರು, ಅಷ್ಟೇ. ನಾನು ಹಿಡಿಯುತ್ತಿದ್ದೆ. ಗರಗಸ ಓಡುವಾಗ ಇಬ್ಬರ ಕಣ್ಣೂ ಗೆರೆಯ ಮೇಲೆ ಇರುತ್ತಿತ್ತು, ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಸತ್ತ ನನ್ನ ತಂದೆಯ ಬಗ್ಗೆ ನಾನು ಅವರ ಹತ್ತಿರ ಮೊದಲ ಸಲ ಮಾತಾಡಿದ್ದು ಹಾಗೆ ಹಲಗೆ ಹಿಡಿದುಕೊಂಡಾಗಲೇ. ಅವರು ಕೆಲಸ ನಿಲ್ಲಿಸಲಿಲ್ಲ, ಪೂರ್ತಿ ಕೇಳಿಸಿಕೊಂಡರು. ನಿಲ್ಲಿಸಿ ನನ್ನ ಕಡೆ ತಿರುಗಿದ್ದರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆದ್ದರಿಂದ ಕೇಳು. ಆ ಸೈಕಲನ್ನು ಗುಟ್ಟಾಗಿ ದುರಸ್ತಿ ಮಾಡಿಸಬೇಡ. ಮಾಡಿಸಿ ತಂದರೆ ಅದು ನೀನು ಕೊಟ್ಟ ಸೈಕಲ್ ಆಗುತ್ತದೆ. ಹುಡುಗನೇ ಬಿಚ್ಚಲಿ, ಹುಡುಗನೇ ಕೂಡಿಸಲಿ, ನೀನು ಪಾನಾ ಹಿಡಿದು ಕೊಡು. ಮೊದಲು ತಾಯಿಯ ಒಪ್ಪಿಗೆ, ಆಮೇಲೆ ಅವನ ಒಪ್ಪಿಗೆ. ಅವನು ಬೇಡವೆಂದರೆ ಅಲ್ಲಿಗೆ ಬಿಡು, ಒತ್ತಾಯ ಬೇಡ.

ಒಪ್ಪಿದರೆ ಪಂಕ್ಚರ್‌ನಿಂದ ಶುರು ಮಾಡಿ. ನಾಲ್ಕು ವರ್ಷ ನಿಂತ ಸೈಕಲ್ಲಿನಲ್ಲಿ ವಾಲ್ವಿನ ಸಣ್ಣ ರಬ್ಬರ್ ನಳಿಕೆ, ಅಂದರೆ ವಾಲ್‌ಟ್ಯೂಬ್ ಕೊಳೆತಿರುತ್ತದೆ, ಅದನ್ನು ಮೊದಲು ಬದಲಿಸಬೇಕು. ಎಷ್ಟೋ ಸಲ ಗಾಳಿ ನಿಲ್ಲದಿರುವುದಕ್ಕೆ ಅದೇ ಕಾರಣ, ಟ್ಯೂಬಿನ ತಪ್ಪಿರುವುದಿಲ್ಲ. ಆಮೇಲೂ ಗಾಳಿ ಇಳಿದರೆ ಟ್ಯೂಬ್ ಹೊರಗೆ ತೆಗೆದು ಗಾಳಿ ತುಂಬಿ, ಬೋಗುಣಿಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಹೋಗಲಿ. ಗುಳ್ಳೆ ಬಂದಲ್ಲಿ ಬೆರಳಿಡಲಿ. ಆ ಜಾಗ ಒರೆಸಿ ಒಣಗಿಸಿ, ಗಾಳಿ ಬಿಟ್ಟು, ಉಜ್ಜುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಬೇಕು. ಹಚ್ಚಿದ ಕೂಡಲೇ ತೇಪೆ ಅಂಟಿಸಬಾರದು. ಸಲ್ಯೂಷನ್ನಿನ ಹೊಳಪು ಹೋಗಿ ಮಂಕಾಗುವವರೆಗೆ ಕಾಯಬೇಕು. ಹುಡುಗರು ಅವಸರ ಮಾಡುವುದೇ ಇಲ್ಲಿ. ಒಂದು ತೇಪೆ ಕಿತ್ತುಬರಲಿ ಬಿಡು, ಎರಡನೆಯದಕ್ಕೆ ತಾನೇ ಕಾಯುತ್ತಾನೆ. ಟ್ಯೂಬ್ ಮತ್ತೆ ಹಾಕುವ ಮೊದಲು ಟೈರಿನ ಒಳಮೈಗೆ ಒಂದು ಅರಿವೆ ಆಡಿಸಬೇಕು. ನಮ್ಮ ಕಡೆಯ ಜಾಲಿಮುಳ್ಳು ಟೈರಿನಲ್ಲೇ ಅಡಗಿ ಕುಳಿತಿರುತ್ತದೆ, ಅರಿವೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಆಡಿಸಿದರೆ ಬೆರಳಿಗೆ ಚುಚ್ಚುತ್ತದೆ.

ಅಷ್ಟು ದೊಡ್ಡ ಸೈಕಲ್ ಹನ್ನೊಂದರ ಹುಡುಗನಿಗೆ ಎಟುಕುವುದಿಲ್ಲ. ಸೀಟಿನ ಮೇಲೆ ಕೂರದೆ ಚೌಕಟ್ಟಿನೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯಬಹುದು, ನಾವೆಲ್ಲ ಹಾಗೆಯೇ ಕಲಿತವರು, ಆದರೆ ಇವತ್ತಿನ ರಸ್ತೆಯ ಮೇಲೆ ಬೇಡ. ಮೈದಾನದಲ್ಲಿ ಮಾತ್ರ. ರಸ್ತೆಗೆ ಅವನ ಅಳತೆಯ ಒಂದು ಸೈಕಲ್ ಬಾಡಿಗೆಗೋ ಎರವಲಾಗಿಯೋ ತಂದು, ತಂದೆಯ ಸೈಕಲ್ಲಿನ ಮೇಲೆ ನೀನು ಕುಳಿತು ಜೊತೆಗೆ ಹೋಗಬಹುದು. ಅವನೇ "ಕಾಕಾ, ನೀವು ಅದನ್ನು ಹೊಡೆಯಿರಿ" ಎಂದು ಹೇಳುವವರೆಗೆ ಮಾತ್ರ ಹತ್ತಬೇಡ.

ಇನ್ನು ಎಲ್ಲಿಗೆ ಹೋಗುವುದು. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತರೊಳಗೆ ಮನೆಗೆ ಮರಳುವುದು. ಗೋಳಗುಮ್ಮಟ ನೋಡಿದ್ದಾನೆ ಎನ್ನುತ್ತೀಯ, ಸರಿ, ಅದನ್ನು ಬಿಟ್ಟುಬಿಡು. ಬೇಗಂ ತಲಾಬಿಗೆ ಕರೆದುಕೊಂಡು ಹೋಗು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರೆ ಅದು. ಅಲ್ಲಿಂದ ಊರೊಳಕ್ಕೆ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರ ಕಟ್ಟಿದ್ದರು. ನೀರು ಅದರೊಳಗೆ ಏರಿ ಇಳಿಯುವಾಗ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ, ಕೆಸರು ಕೆಳಗೆ ಕೂರುತ್ತಿತ್ತು. ಕೆಲವು ಗಂಜ್‌ಗಳು ಊರಲ್ಲಿ ಇನ್ನೂ ನಿಂತಿವೆ. ನಾವು ದಿನಾ ಅವುಗಳ ಪಕ್ಕದಲ್ಲಿ ಹಾದುಹೋಗುತ್ತೇವೆ, ತಲೆ ಎತ್ತಿ ನೋಡುವುದಿಲ್ಲ. ಕೆರೆಯಿಂದ ಊರೊಳಕ್ಕೆ ಗಂಜ್ ಹುಡುಕುತ್ತ ಸೈಕಲ್ ಹೊಡೆಯುವುದು ಹುಡುಗನಿಗೆ ಒಳ್ಳೆಯ ಬೇಟೆ. ಕಾಗದದ ಮೇಲೆ ಅವನೇ ನಕ್ಷೆ ಬರೆಯಲಿ, ನೀನು ಅದಕ್ಕೆ ಬೈಂಡ್ ಹಾಕಿಕೊಡು.

ಇನ್ನೊಂದು ದಿನ ತೊರವಿಯ ಕಡೆ ಹೋಗಿ. ಅಲ್ಲಿ ನವರಸಪುರದ ಅವಶೇಷಗಳಿವೆ. 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಹೊಸ ರಾಜಧಾನಿ ಎಂದು ಕಟ್ಟಲು ಹೊರಟ ಊರು, 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರ್ ಅದನ್ನು ಲೂಟಿ ಮಾಡಿದ. ಸಂಗೀತ ಮಹಲಿನ ಕಮಾನು ಈಗಲೂ ನಿಂತಿದೆ. ಕಾಲಿಗೆ ಕಸುವು ಬೇಕೆಂದರೆ ಉಪ್ಪಲಿ ಬುರುಜು ಹತ್ತಿಸು. ಮೆಟ್ಟಿಲು ಹೊರಗಿನಿಂದ ಸುತ್ತುತ್ತ ಮೇಲೆ ಹೋಗುತ್ತವೆ. ಮೇಲೆ ಮೂವತ್ತು ಅಡಿ ಉದ್ದದ ತೋಪು ಮಲಗಿದೆ. ಹೆಜ್ಜೆಯಿಂದ ಅಳೆದು ಬಾ ಎಂದು ಹೇಳು.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗರು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟಕ್ಕೆ ಹೋದವರು. ಬೆಳಗಿನ ಹೊತ್ತು ಹೆದ್ದಾರಿಯ ಅಂಚಿನಲ್ಲಿ ಕ್ರೀಡಾ ವಸತಿ ನಿಲಯದ ಮಕ್ಕಳು ಸಾಲಾಗಿ ಹೋಗುವುದನ್ನು ನಿಂತು ನೋಡಲಿ. ನೋಡಿದ ಮೇಲೆ ಅವನೇ ಏನಾದರೂ ಕೇಳಿದರೆ ಮುಂದಿನದು ನನಗೆ ಬರೆ, ನಾನು ಹೇಳುತ್ತೇನೆ.

ಆಶಾ ಕಾರ್ಯಕರ್ತೆ, ಬಸವನ ಬಾಗೇವಾಡಿ

ಮಾಸ್ತರರು ಹೇಳಿದ ಸಮಯವನ್ನು ದಯವಿಟ್ಟು ಮೀರಬೇಡಿ. ಹೊರಡುವಾಗಲೇ ನೀರು ಕುಡಿಸಿ, ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ತಲೆನೋವು, ವಾಂತಿ, ಮೈ ಸುಡುವುದು, ಮಾತು ತಡವರಿಸುವುದು ಕಂಡರೆ ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ ಕೂಡಲೇ ಆಸ್ಪತ್ರೆಗೆ ಹೋಗಿ.

ಮತ್ತೊಂದು ಮಾತು. ರಜೆಯಲ್ಲಿ ಹುಡುಗರು ಕಾಲುವೆಗೆ ಈಜಲು ಹೋಗುತ್ತಾರೆ. ಕಾಂಕ್ರೀಟ್ ಕಾಲುವೆಯ ದಂಡೆ ಇಳಿಜಾರು, ಪಾಚಿ ಕಟ್ಟಿ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಈಜು ಕಲಿಸುವುದಿದ್ದರೆ ಈಜುಕೊಳದಲ್ಲಿ, ದೊಡ್ಡವರು ನೀರಿನಲ್ಲಿ ಇಳಿದು ಪಕ್ಕದಲ್ಲಿದ್ದಾಗ ಮಾತ್ರ. ಇದನ್ನು ಹುಡುಗನ ಎದುರಿಗೇ ಖಡಾಖಂಡಿತವಾಗಿ ಹೇಳಿಬಿಡಿ. ಮಲತಂದೆ ಎಂಬ ಸಂಕೋಚಕ್ಕೆ ಇಲ್ಲಿ ಜಾಗವಿಲ್ಲ.

ಅಚ್ಚುಮೊಳೆ, ವಿಜಯಪುರ

ಅಕ್ಕ, ಮಾಸ್ತರರೇ, ತಂಗಿ, ಮೂವರಿಗೂ ಕೈಮುಗಿಯುತ್ತೇನೆ. ಹೆಂಡತಿಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವನನ್ನೇ ಕೇಳಿ, ನಾನು ನಡುವೆ ಬರುವುದಿಲ್ಲ" ಎಂದಳು. ಅವನನ್ನು ನೇರವಾಗಿ ಕೇಳಲಿಲ್ಲ. ಹಿತ್ತಲಿನಲ್ಲಿ ಪಾನಾ, ಬೋಗುಣಿ, ಸೀಮೆಎಣ್ಣೆಯ ಡಬ್ಬಿ ಇಟ್ಟುಕೊಂಡು ನನ್ನ ಅಂಗಡಿಯ ಹಳೆಯ ಪ್ರೆಸ್ಸಿನ ತಿರುಪು ತೊಳೆಯುತ್ತ ಕುಳಿತೆ. ಬಂದು ನಿಂತು ನೋಡಿದ. "ಕಾಕಾ, ಇದರಿಂದ ಚೈನಿನ ತುಕ್ಕೂ ಹೋಗುತ್ತದೆಯೇ?" ಎಂದ. ಹೋಗುತ್ತದೆ, ನಿಧಾನವಾಗಿ ಹೋಗುತ್ತದೆ ಎಂದೆ. ತಾಡಪತ್ರಿಯನ್ನು ಅವನೇ ತೆಗೆದ.

ಈಗ ಎರಡೂ ಗಾಲಿ ಬಿಚ್ಚಿದ್ದೇವೆ. ವಾಲ್‌ಟ್ಯೂಬ್ ಮಾಸ್ತರರು ಹೇಳಿದ ಹಾಗೆಯೇ ಪುಡಿಪುಡಿಯಾಗಿತ್ತು. ಎರಡು ತೊಡಕಿವೆ. ಪೆಡಲಿನ ದಂಡ ಅಲುಗಾಡುತ್ತಿದೆ, ಅದನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸವೆದಿರಬೇಕು, ಸುತ್ತಿಗೆಯಲ್ಲಿ ಹೊಡೆದರೂ ಹೊರಗೆ ಬರುತ್ತಿಲ್ಲ. ಇನ್ನೊಂದು, ಚೈನ್ ಕವರಿನ ಮೇಲೆ ಅವನ ತಂದೆ ತಮ್ಮ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಅರ್ಧ ಉದುರಿದೆ. ಸೈಕಲ್ಲಿಗೆ ಹೊಸ ಬಣ್ಣ ಹೊಡೆಸೋಣವೇ ಎಂದು ಹುಡುಗನೇ ಕೇಳುತ್ತಿದ್ದಾನೆ. ಏನು ಹೇಳಲಿ?

ನಿವೃತ್ತ ಪಿ.ಟಿ. ಮಾಸ್ತರ, ವಿಜಯಪುರ

ಕಾಟರ್ ಪಿನ್ನಿನ ನಟ್ಟು ಪೂರ್ತಿ ತೆಗೆದು ಹೊಡೆದರೆ ಎಳೆ ಕೆಟ್ಟುಹೋಗುತ್ತದೆ. ನಟ್ಟನ್ನು ಪಿನ್ನಿನ ತುದಿಗೆ ಸಮನಾಗಿ ಬರುವಷ್ಟು ಸಡಿಲಿಸಿ, ರಾತ್ರಿ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಡಿ. ಬೆಳಗ್ಗೆ ದಂಡದ ಕೆಳಗೆ ಗಟ್ಟಿ ಕಟ್ಟಿಗೆ ಆನಿಸಿ, ನಟ್ಟಿನ ಮೇಲೆ ಒಂದೇ ಏಟು ಜೋರಾಗಿ ಹಾಕು. ಆ ಏಟು ನಿನ್ನದು, ಕಟ್ಟಿಗೆ ಹಿಡಿಯುವುದೂ ಬೇರೆ ದೊಡ್ಡವರೇ ಆಗಲಿ, ಹುಡುಗನ ಬೆರಳು ಅಲ್ಲಿ ಬೇಡ. ಹೊಸದು ಕೊಳ್ಳಲು ಹೋಗುವಾಗ ಹಳೆಯ ಪಿನ್ ಜೇಬಿನಲ್ಲಿರಲಿ, ದಪ್ಪದಲ್ಲಿ ವ್ಯತ್ಯಾಸವಿರುತ್ತದೆ.

ಬಣ್ಣದ ನಿರ್ಧಾರ ಹುಡುಗನಿಗೇ ಬಿಡು. ಆದರೆ ಚೈನ್ ಕವರ್ ಎರಡು ತಿರುಪಿನಲ್ಲಿ ಬಿಚ್ಚಿಬರುತ್ತದೆ, ಬಣ್ಣ ಹೊಡೆಸುವ ಮೊದಲು ಅದನ್ನು ಬಿಚ್ಚಿ ಒಳಗಿಡಬಹುದು ಎಂಬುದನ್ನು ಅವನಿಗೆ ತಿಳಿಸು.