ಪ್ರೋನೋಟು ಬರೆಸಿಕೊಳ್ಳುವಾಗ ಏನೇನು ನೋಡಬೇಕು?

ಪ್ರಶ್ನೆ: ನಮ್ಮ ಷಡ್ಡಕರು 2 ಲಕ್ಷ ಕೈಸಾಲ ಕೇಳಿದ್ದಾರೆ. ಪ್ರೋನೋಟು, ಅಂದರೆ ಇಷ್ಟು ದುಡ್ಡು ವಾಪಸ್ ಕೊಡ್ತೀನಿ ಅಂತ ಸಹಿ ಹಾಕಿದ ಪತ್ರ, ಬರೆದುಕೊಡ್ತೀನಿ ಅಂತ ಅವರೇ ಹೇಳಿದರು. ನನಗೆ ಇದು ಹೊಸದು. ಅನುಭವ ಇರುವವರು ಹೇಳಿ.

ತಿಪಟೂರಿನಿಂದ: ಮೊದಲು ಸ್ಟಾಂಪ್ ನೋಡಿ. ನಮ್ಮಪ್ಪ ಕೊಬ್ಬರಿ ವ್ಯಾಪಾರದವರೊಬ್ಬರಿಗೆ ಸಾಲ ಕೊಟ್ಟು, ನೋಟ್‌ಬುಕ್ ಹಾಳೆಯಲ್ಲಿ ಬರೆಸಿಕೊಂಡಿದ್ದರು. ಸಹಿ ಇತ್ತು, ತಾರೀಖು ಇತ್ತು, ರೆವಿನ್ಯೂ ಸ್ಟಾಂಪ್ ಇರಲಿಲ್ಲ. ಕೋರ್ಟು ಆ ಹಾಳೆಯನ್ನು ಸಾಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ. ಬೇರೆ ಪತ್ರಗಳಿಗಾದರೆ ಆಮೇಲೆ ದಂಡ ಕಟ್ಟಿ ಸರಿಮಾಡಿಸಬಹುದು, ಪ್ರೋನೋಟಿಗೆ ಆ ದಾರಿಯೂ ಇಲ್ಲ. 1 ರೂಪಾಯಿಯ ಸ್ಟಾಂಪ್ ಇಲ್ಲದೆ ಅಪ್ಪ ಎಷ್ಟು ನೊಂದುಕೊಂಡರು ಅಂದರೆ ಈಗಲೂ ಸಂಕಟ ಆಗುತ್ತದೆ. ಅಂಟಿಸಿದ ಮೇಲೆ ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬರಲಿ.

ಇನ್ನೊಂದು ಮಾತು. ಸಾಕ್ಷಿ ಸಹಿ ಕಡ್ಡಾಯ ಅಲ್ಲ. ಹಾಕಿಸುವುದಾದರೆ ‘ತಾವು ಕೇಳಿದಾಗ ತಮಗಾಗಲಿ, ತಾವು ಹೇಳಿದವರಿಗಾಗಲಿ ಕೊಡುತ್ತೇನೆ’ ಅನ್ನುವ ಸಾಲು ಇರಲೇಬೇಕು. ಅದು ಬಿಟ್ಟುಹೋದರೆ ಸ್ಟಾಂಪ್ ಕಾನೂನಿನಲ್ಲಿ ಆ ಪತ್ರ ಬಾಂಡ್ ಆಗಿಬಿಡುತ್ತದೆ, ಅದಕ್ಕೆ ಶುಲ್ಕವೇ ಬೇರೆ.

ಹುಬ್ಬಳ್ಳಿಯಿಂದ: ತಾರೀಖು ಮರೀಬೇಡಿ. ಕೇಳಿದಾಗ ಕೊಡುವ ನೋಟಿನ ಮೇಲೆ ದಾವೆ ಹಾಕಲು ಬರೆದ ದಿನದಿಂದ 3 ವರ್ಷ ವಾಯಿದೆ. ನಾವು ಕೇಳಿದ ದಿನದಿಂದ ಅಲ್ಲ! ನನ್ನ ನೋಟಿಗೆ 11 ದಿನ ಉಳಿದಿತ್ತು. ಸಾಲಗಾರರ ಮನೆಗೆ ಹೋಗಿ 500 ರೂಪಾಯಿ ತೆಗೆದುಕೊಂಡು, ನೋಟಿನ ಹಿಂದೆ ಅವರ ಕೈಯಲ್ಲೇ ಷರಾ ಬರೆಸಿ ಸಹಿ ಹಾಕಿಸಿದೆ. ಅಲ್ಲಿಂದ ಮತ್ತೆ 3 ವರ್ಷ ಸಿಕ್ಕಿತು. ವಾಯಿದೆ ಮುಗಿದ ಮೇಲೆ ಹೀಗೆ ಬರೆಸಿದರೆ ಲೆಕ್ಕಕ್ಕೆ ಬರಲ್ಲ.

ಮತ್ತೆ, ದುಡ್ಡು ಬ್ಯಾಂಕಿನಿಂದಲೇ ಹೋಗಲಿ. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಾಗಿ ತೆಗೆದುಕೊಂಡರೆ ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು. ಅದು ಬೀಳುವುದು ನಿಮ್ಮ ಷಡ್ಡಕರ ಮೇಲೆ.

ಮಂಡ್ಯದಿಂದ: ನಾನು ಸಾಲ ತೆಗೆದುಕೊಂಡವನು, ಆ ಕಡೆಯ ಮಾತೂ ಬೇಕಲ್ವಾ? ಅವಸರಕ್ಕೆ ಖಾಲಿ ಪ್ರೋನೋಟಿಗೆ ಸಹಿ ಹಾಕಿಕೊಟ್ಟಿದ್ದೆ. ಹಾಗೆ ಕೊಟ್ಟರೆ, ಅದನ್ನು ತುಂಬಿಕೊಳ್ಳುವ ಅಧಿಕಾರವನ್ನು ಚೆಕ್, ಪ್ರೋನೋಟುಗಳಿಗೆ ಇರುವ 1881ರ ಕಾನೂನೇ ಸಾಲ ಕೊಟ್ಟವರಿಗೆ ಕೊಡುತ್ತದೆ ಅಂತ ಆಮೇಲೆ ವಕೀಲರು ಹೇಳಿದರು. ಅಷ್ಟರಲ್ಲಿ ಅಸಲಿನ ಜಾಗದಲ್ಲಿ ನಾನು ತೆಗೆದುಕೊಂಡಿದ್ದರ ಎರಡರಷ್ಟು ಬರೆದಾಗಿತ್ತು. ಅದಕ್ಕೇ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಿಮ್ಮ ಷಡ್ಡಕರ ಕೈಯಲ್ಲೇ ಬರೆಸಿ. ಬಡ್ಡಿಯನ್ನೂ ಬರೆಸಿ. ದರ ಬರೆಯದೆ ಬಿಟ್ಟರೆ ವರ್ಷಕ್ಕೆ ಶೇಕಡ 18 ಅಂತ ಕಾನೂನೇ ಹಿಡಿಯುತ್ತದೆ. ಸಾಲ ತೀರಿದ ದಿನ ಆ ನೋಟನ್ನು ಅವರ ಕೈಗೇ ವಾಪಸ್ ಕೊಟ್ಟುಬಿಡಿ.