ಸಹಾಯ ಬೇಕು: ಇಲಿಗಳ ವಾಸನೆಯ ಲೇಖನಕ್ಕೆ ಕನ್ನಡ ಪದಗಳು

ಆತ್ಮೀಯರೇ, ಶಿರಸಿ ಸಮೀಪದ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಇಲಿಗಳ ಸಂತಾನೋತ್ಪತ್ತಿಯಲ್ಲಿ ವಾಸನೆಯ ಪಾತ್ರದ ಕುರಿತು ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಡಿಕೆ ಮೂಟೆ ಇಡುವ ನಮ್ಮ ಅಟ್ಟದ ತೊಲೆಯ ಮೇಲೆ ಒಣಗಿದ ಮೂತ್ರದ ಕಲೆಗಳನ್ನು ಕಂಡಾಗ ಈ ಆಸಕ್ತಿ ಹುಟ್ಟಿತು. ಮನೆಗಳಲ್ಲಿ ಕಾಣುವ ಸಣ್ಣ ಇಲಿಯ ಗಂಡಿನ ಮೂತ್ರದಲ್ಲಿರುವ, 2010ರಲ್ಲಿ ‘ಡಾರ್ಸಿನ್’ ಎಂದು ಹೆಸರಿಸಲಾದ ಪ್ರೋಟೀನು ಹೆಣ್ಣನ್ನು ಸೆಳೆಯುವುದಷ್ಟೇ ಅಲ್ಲದೆ, ಆ ಗಂಡಿನದೇ ವಾಸನೆಯನ್ನು ಅದರ ನೆನಪಿನಲ್ಲಿ ಉಳಿಸುತ್ತದೆ. ಆಗಷ್ಟೇ ಕೂಡಿದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಗುಲಿದರೆ ಗರ್ಭ ನಿಲ್ಲದೇ ಹೋಗಬಹುದೆಂದು ವಿಜ್ಞಾನಿ ಹಿಲ್ಡಾ ಬ್ರೂಸ್ 1959ರಲ್ಲಿಯೇ ತೋರಿಸಿದ್ದರು. ನನಗೆ ಅತ್ಯಂತ ವಿಸ್ಮಯವೆನಿಸಿದ್ದು ಇದೇ. ಒಂದೇ ಜಾತಿಯ ಪ್ರಾಣಿಗಳು ಪರಸ್ಪರ ಸಂದೇಶ ನೀಡಲು ಹೊರಸೂಸುವ ರಾಸಾಯನಿಕವಾದ ‘ಫೆರೊಮೋನ್’ ಎಂಬುದಕ್ಕೂ, ಇಂಥ ಸಂದೇಶಗಳನ್ನು ಗ್ರಹಿಸುವ ಮೂಗಿನೊಳಗಿನ ಜೇಕಬ್‌ಸನ್ ಅಂಗಕ್ಕೂ ಮಕ್ಕಳ ನಾಲಗೆಗೆ ಒಗ್ಗುವ ಕನ್ನಡ ಪದಗಳು ಗೊತ್ತಿದ್ದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.